ಬಾಯಿಬಡುಕ ರೇಡಿಯೋ, ಬಾಯಾರಿದ ಬಡಾವಣೆ

ವಿದ್ಯಾರಣ್ಯಪುರದ ಕ್ಷೌರದಂಗಡಿಯೊಂದರಲ್ಲಿ ಬೆಳಗಿನ ಹೊತ್ತು ಅರ್ಧ ಗಂಟೆ ಕುಳಿತರೆ ಸಾಕು, ಬೆಂಗಳೂರಿನ ಖಾಸಗಿ ಎಫ್‌.ಎಂ. ರೇಡಿಯೋದ ಸಾರಸರ್ವಸ್ವವೂ ಕಿವಿಗೆ ಬೀಳುತ್ತದೆ. ಎರಡು ಚಿತ್ರಗೀತೆ, ನಾಲ್ಕು ಜಾಹೀರಾತು, ಉಳಿದಂತೆ ಉಸಿರು ಬಿಡದ ಮಾತು. ಆ ಮಾತಿನ ನಡುವೆ ಒಂದು ಫೋನ್ ಕರೆ. ಅತ್ತ ಕಡೆ ಇರುವವನು ಒಬ್ಬ ಗುಜರಿ ವ್ಯಾಪಾರಿಯೋ ಆಟೋ ಚಾಲಕನೋ ಆಗಿರುತ್ತಾನೆ. ನಿಮ್ಮ ಮೇಲೆ ದೂರು ಬಂದಿದೆ, ಠಾಣೆಗೆ ಬರಬೇಕು ಎಂದು ಅವನನ್ನು ಹೆದರಿಸಲಾಗುತ್ತದೆ. ಅವನು ತೊದಲುತ್ತಾನೆ, ಅಂಗಲಾಚುತ್ತಾನೆ, ಕೊನೆಗೆ ಸಿಟ್ಟಿಗೇಳುತ್ತಾನೆ. ಆಗ ನಿರೂಪಕ ಗಹಗಹಿಸಿ ನಗುತ್ತಾನೆ. ಆ ಬಡಪಾಯಿಯ ಕನ್ನಡದಲ್ಲಿ ದಖನಿಯ ಎಳೆಯೇನಾದರೂ ಇದ್ದರೆ ಅದರ ಅಣಕವೂ ನಡೆಯುತ್ತದೆ.

ಈ ಕರೆಗಳಲ್ಲಿ ಕೆಲವು ಮೊದಲೇ ಹೊಂದಿಸಿಕೊಂಡ ನಾಟಕಗಳು ಎಂದು ಸಮಾಧಾನ ಹೇಳುವವರಿದ್ದಾರೆ. ನಾಟಕವಾದರೆ ಅದು ಇನ್ನೂ ಹೇಯ. ಬಡವನನ್ನು ಹೀಗೆಯೇ ಗೋಳಾಡಿಸಬೇಕೆಂದು ಬರೆದುಕೊಂಡೇ ಕುಳಿತಿದ್ದಾರೆ ಎಂದಾಯಿತು! ಇದು ಕೇವಲ ವಿನೋದ ಎನ್ನುವವರು 2007ರ ಸೆಪ್ಟೆಂಬರನ್ನು ನೆನಪಿಸಿಕೊಳ್ಳಬೇಕು. ಟಿ.ವಿ. ಗಾಯನ ಸ್ಪರ್ಧೆಯಲ್ಲಿ ಗೆದ್ದ ಪೊಲೀಸ್ ಪೇದೆ ಪ್ರಶಾಂತ್ ತಮಾಂಗ್‌ರನ್ನು ನೆಪವಾಗಿಸಿಕೊಂಡು, ಗೂರ್ಖರು ಹಾಡಲು ಹೊರಟರೆ ಮನೆ ಕಾಯುವವರು ಯಾರು ಎಂಬರ್ಥದ ಹಾಸ್ಯವನ್ನು ದೆಹಲಿಯ ಖಾಸಗಿ ಎಫ್‌.ಎಂ.ನ ನಿರೂಪಕನೊಬ್ಬ ಮಾಡಿದ. ದೂರದ ಸಿಲಿಗುರಿಯಲ್ಲಿ ಗಲಭೆ ಹೊತ್ತಿಕೊಂಡಿತು, ಸೇನೆಯನ್ನು ಕರೆಸಬೇಕಾಯಿತು. ಒಂದು ಜನಾಂಗದ ದುಡಿಮೆಯನ್ನು ಲೇವಡಿ ಮಾಡುವ ಮಾತು ಸ್ಟುಡಿಯೋದ ಗೋಡೆಯೊಳಗೆ ಉಳಿಯುವುದಿಲ್ಲ.

ಅಷ್ಟಕ್ಕೂ ಈ ಅಲೆಗಳು ಯಾರ ಸೊತ್ತು? ವಾಯುತರಂಗಗಳು ಸಾರ್ವಜನಿಕ ಸಂಪತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲಿಯೇ ತೀರ್ಪು ನೀಡಿದೆ. ದೇಶದ ಮೊದಲ ಖಾಸಗಿ ಎಫ್‌.ಎಂ. ಕೇಂದ್ರ 2001ರ ಜುಲೈ 3ರಂದು ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲೇ. 2005ರ ಎರಡನೆಯ ಹಂತದ ನೀತಿಯ ಬಳಿಕ ಒಂದರ ಹಿಂದೊಂದು ಕೇಂದ್ರಗಳು ಬಂದವು. ಹರಾಜಿನಲ್ಲಿ ಕೂಗಿದ ಹಣ ಮತ್ತು ವಾರ್ಷಿಕ ಆದಾಯದ ಶೇಕಡಾ 4ರ ಸುಮಾರಿನ ಶುಲ್ಕ ಸರಕಾರದ ಬೊಕ್ಕಸ ಸೇರಿದರೆ ಲೆಕ್ಕ ಚುಕ್ತಾ ಎಂದು ಮಾಲಕರೂ ತಿಳಿದಿದ್ದಾರೆ, ಸರಕಾರವೂ ತಿಳಿದಿದೆ. ಸೊತ್ತಿನ ಒಡೆಯರಾದ ನಮಗೆ ಸಲ್ಲಬೇಕಾದುದು ಏನೆಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ.

ಸುದ್ದಿ ಹೇಳಲು ಕಾನೂನು ಬಿಡುವುದಿಲ್ಲ, ಹಾಗಾಗಿ ಹರಟೆಯೇ ಗತಿ ಎಂಬುದು ಇವರ ಸಮರ್ಥನೆ. ಇದರಲ್ಲಿ ಅರ್ಧ ಸತ್ಯವಿದೆ. ಖಾಸಗಿ ಟಿ.ವಿ. ವಾಹಿನಿಗಳು ದಿನದ 24 ಗಂಟೆಯೂ ವಿಷ ಕಾರಲು ಅಡ್ಡಿಯಿಲ್ಲದ ದೇಶದಲ್ಲಿ ಖಾಸಗಿ ರೇಡಿಯೋ ಸ್ವಂತ ಸುದ್ದಿ ಹೇಳುವುದನ್ನು ನಿಷೇಧಿಸಿ ಕುಳಿತದ್ದು ಆಳುವವರ ಭೀತಿಯಲ್ಲದೆ ಇನ್ನೇನು? ಗಂಟೆಗೆ ಹತ್ತು ನಿಮಿಷ ಸುದ್ದಿಗೆ ಅವಕಾಶ ಕೊಡಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವೇ 2023ರಲ್ಲಿ ಶಿಫಾರಸು ಮಾಡಬೇಕಾಯಿತು.

ಉಳಿದರ್ಧ ಸುಳ್ಳು. 2011ರ ಮೂರನೆಯ ಹಂತದ ನೀತಿಯು ಆಕಾಶವಾಣಿಯ ವಾರ್ತೆಯನ್ನು ಯಥಾವತ್ತಾಗಿ ಮರುಪ್ರಸಾರ ಮಾಡಲು ಅನುಮತಿಸಿತು. ಸಂಚಾರ, ಹವಾಮಾನ, ಪರೀಕ್ಷೆ, ಫಲಿತಾಂಶ, ಕಾಲೇಜು ಪ್ರವೇಶ, ಉದ್ಯೋಗಾವಕಾಶ ಮತ್ತು ಸ್ಥಳೀಯ ಆಡಳಿತ ನೀಡುವ ನೀರು, ವಿದ್ಯುತ್, ಆರೋಗ್ಯದ ಎಚ್ಚರಿಕೆಗಳು ಸುದ್ದಿಯ ವ್ಯಾಖ್ಯೆಗೆ ಬರುವುದಿಲ್ಲವೆಂದೂ ಸ್ಪಷ್ಟಪಡಿಸಿತು. ಈ ಪಟ್ಟಿಯಲ್ಲಿ ಇವರು ಮನಸಾರೆ ಕೈಗೆತ್ತಿಕೊಂಡದ್ದು ಯಾವುದು? ಸಂಚಾರ! ಹೆಬ್ಬಾಳದ ಮೇಲ್ಸೇತುವೆಯಲ್ಲಿ ವಾಹನ ನಿಂತರೆ ಕ್ಷಣದಲ್ಲಿ ಹೇಳುತ್ತಾರೆ. ಏಕೆಂದರೆ ಕಾರಿನಲ್ಲಿ ಕುಳಿತವನು ಜಾಹೀರಾತುದಾರನಿಗೆ ಬೇಕಾದ ಗಿರಾಕಿ. ಕೊಡ ಹಿಡಿದು ಟ್ಯಾಂಕರಿಗೆ ಕಾಯುವ ತಾಯಿ ಅಲ್ಲ.

ವಿದ್ಯಾರಣ್ಯಪುರವನ್ನೇ ನೋಡಿ. ಬ್ಯಾಟರಾಯನಪುರ ನಗರಸಭೆಯೊಂದಿಗೆ 2007ರಲ್ಲಿ ಮಹಾನಗರದ ತೆಕ್ಕೆಗೆ ಬಂದ ಪ್ರದೇಶವಿದು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ನಗರವಿಡೀ ತತ್ತರಿಸಿದಾಗ ನೀರಿನ ಬೆಲೆ ಏನೆಂಬುದು ಇಂತಹ ಹೊರಬಡಾವಣೆಗಳಿಗೆ ಚೆನ್ನಾಗಿ ತಿಳಿಯಿತು. ಎಲ್ಲ ಕೇಂದ್ರಗಳೂ ಆಗ ಮೌನವಾಗಿದ್ದವೆಂದು ನಾವು ಹೇಳುತ್ತಿಲ್ಲ. ಆದರೆ ಯಾವ ಬಡಾವಣೆಗೆ ಎಂದು ನೀರು, ಟ್ಯಾಂಕರಿನ ನಿಗದಿತ ದರ ಎಷ್ಟು, ಹೆಚ್ಚು ವಸೂಲಿ ಮಾಡಿದರೆ ಯಾರಿಗೆ ದೂರಬೇಕು ಎಂಬುದು ಇವರ ಪ್ರತಿದಿನದ ಮಾತಾಗಬೇಕು, ಸಂಕಟ ಬಂದಾಗಿನ ಎರಡು ವಾಕ್ಯವಲ್ಲ. ಪಕ್ಕದ ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆ 1964ರಲ್ಲಿ ಆಕಾಶವಾಣಿಗಾಗಿ ಟ್ರಾನ್ಸ್‌ಮಿಟರುಗಳನ್ನು ತಯಾರಿಸಲಾರಂಭಿಸಿತು. ಆ ಕಾರ್ಖಾನೆಯ ನೌಕರರ ಬಡಾವಣೆ ಇರುವ ಊರಿಗೇ ಇಂದು ರೇಡಿಯೋ ತಲುಪಿಸುತ್ತಿರುವುದು ಗುಜರಿಯವನ ಗೋಳು!

ಬೈಗುಳ ಅವರಿಗೆ ಮಾತ್ರವಲ್ಲ. ಆ ಕರೆ ಬಂದಾಗ ಧ್ವನಿ ಹೆಚ್ಚಿಸಿ ನಗುವವರಲ್ಲಿ ನಮ್ಮ ಹುಡುಗರೂ ಇದ್ದಾರೆ. ತಮ್ಮ ತಂದೆ, ಚಿಕ್ಕಪ್ಪಂದಿರ ಮಾತಿನ ಧಾಟಿಯನ್ನೇ ಅಲ್ಲಿ ಅಣಕಿಸಲಾಗುತ್ತಿದೆ ಎಂಬುದು ಅವರಿಗೆ ಹೊಳೆಯುವುದಿಲ್ಲ. ಆಕಾಶವಾಣಿಯ ಕಾರ್ಯಕ್ರಮ ಸಂಹಿತೆ ಖಾಸಗಿ ಕೇಂದ್ರಗಳಿಗೂ ಅನ್ವಯಿಸುತ್ತದೆ. ಆದರೆ ಅದನ್ನು ಉಲ್ಲೇಖಿಸಿ ಸಚಿವಾಲಯಕ್ಕೆ ಒಂದು ಪತ್ರ ಬರೆದವರು ನಮ್ಮಲ್ಲೆಷ್ಟು ಮಂದಿ?

ಇನ್ನು ಸಮುದಾಯ ಬಾನುಲಿ. ಶಿಕ್ಷಣ ಸಂಸ್ಥೆಗಳಿಗೆ 2002ರಿಂದ, ಮೂರು ವರ್ಷ ಪೂರೈಸಿದ ಲಾಭರಹಿತ ಸಂಸ್ಥೆಗಳಿಗೆ 2006ರಿಂದ ಪರವಾನಿಗೆಗೆ ಅರ್ಜಿ ಹಾಕುವ ಹಕ್ಕಿದೆ. ಬೆಂಗಳೂರಿನ ಜೈನ್ ಶಿಕ್ಷಣ ಸಂಸ್ಥೆಯ ರೇಡಿಯೋ ಆ್ಯಕ್ಟಿವ್ 90.4 ತ್ಯಾಜ್ಯ ಆಯುವವರ, ಲೈಂಗಿಕ ಅಲ್ಪಸಂಖ್ಯಾತರ ಧ್ವನಿಗೆ ಮೈಕು ಕೊಟ್ಟು ತೋರಿಸಿದೆ. ಅಲ್ಲಿ ಗುಜರಿಯವನು ನಗೆಪಾಟಲಲ್ಲ, ಮಾತಾಡುವವನು. ಕಾಲೇಜುಗಳನ್ನೂ ಟ್ರಸ್ಟುಗಳನ್ನೂ ನಡೆಸುವ ನಮ್ಮ ಮುಖಂಡರು ವಾರ್ಷಿಕೋತ್ಸವದ ಪೆಂಡಾಲು, ಧ್ವನಿವರ್ಧಕಗಳಿಗೆ ಸುರಿಯುವ ಹಣದ ಒಂದು ಪಾಲನ್ನು ಇದಕ್ಕೆ ಎತ್ತಿಡಬಹುದಲ್ಲವೇ? ಮುಂದಿನ ಆಡಳಿತ ಮಂಡಳಿ ಸಭೆಯ ಕಾರ್ಯಸೂಚಿಯಲ್ಲಿ ಈ ಅರ್ಜಿಯ ವಿಷಯ ಇದೆಯೇ ಎಂದು ಓದುಗರೇ ಅವರನ್ನು ಕೇಳಲಿ.