ಇಸವಿ ಓದಿಸೋಣ, ಕಬ್ಬಿಣ ಕೀಳಿಸುವುದು ಬೇಡ

ಎಂಟನೇ ತರಗತಿಯ ‘ಆಧಾರಗಳು’ ಪಾಠಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ಒಯ್ಯುವ ಬೋಧನೋಪಕರಣಗಳು ಹೆಚ್ಚುಕಡಿಮೆ ಒಂದೇ: ಶಾಸನದ ಚಿತ್ರಪಟ, ರಟ್ಟಿನ ನಾಣ್ಯ, ಮಿಂಚುಪಟ್ಟಿ. ಇವಕ್ಕಿಂತ ಗಟ್ಟಿಯಾದ ಆಧಾರ ಎಷ್ಟೋ ಶಾಲೆಗಳ ಅಂಗಳದಲ್ಲೇ ತೂಗುತ್ತಿರುತ್ತದೆ. ಗಂಟೆಯಾಗಿ ಬಾರಿಸುವ ರೈಲು ಕಂಬಿಯ ತುಂಡು ಅದು.

ಕಂಬಿಯ ನಡುಪಟ್ಟಿಯ ಮೇಲೆ ಅಲ್ಲಲ್ಲಿ ಉಬ್ಬಕ್ಷರಗಳಿರುತ್ತವೆ. ತಯಾರಕರ ಹೆಸರು, ಕಂಬಿಯ ತೂಕದ ಗುರುತು, ತಯಾರಾದ ತಿಂಗಳು, ವರ್ಷ. ‘90 ಆರ್’ ಎಂದಿದ್ದರೆ ಒಂದು ಗಜಕ್ಕೆ 90 ಪೌಂಡು ತೂಕ. ಮೀಟರಿಗೆ ಸುಮಾರು 44.6 ಕಿಲೋ ಎಂದು ಮಕ್ಕಳೇ ಲೆಕ್ಕ ಹಾಕಬಹುದು. ‘ಸೇಲ್’ ಎಂದಿದ್ದು ಇಸವಿ ಸವೆದಿದ್ದರೆ? ಆ ಸಂಸ್ಥೆ ಸ್ಥಾಪನೆಯಾದದ್ದು 1973ರಲ್ಲಿ. ಕಂಬಿ ಅದಕ್ಕಿಂತ ಹಳೆಯದಾಗಿರಲಾರದು. ಗಂಟೆಯ ತುಂಡಿನಲ್ಲಿ ಅಕ್ಷರವಿಲ್ಲದಿದ್ದರೆ ತೋಟದ ಗೇಟಿನ ಕಂಬ, ಹಳೆಯ ಗೋದಾಮಿನ ತೊಲೆ ನೋಡಿಸಬಹುದು. ನಮ್ಮ ತುಮಕೂರು–ಅರಸೀಕೆರೆ ಮಾರ್ಗ ಮೀಟರ್‌ಗೇಜ್ ಆಗಿ ಹುಟ್ಟಿ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು ಎಂಬ ಸಂಗತಿಯನ್ನು ಇಲ್ಲಿಗೆ ಜೋಡಿಸಬಹುದು.

ಅಮೆರಿಕದ ರೈಲ್ವೆಗಳಲ್ಲಿ ಇದಕ್ಕೆ ಹತ್ತಿರದ ಇನ್ನೊಂದು ವಸ್ತುವಿತ್ತು: ಇಸವಿ ಮೊಳೆ. ಮರದ ಸ್ಲೀಪರ್ ಹಾಕಿದಾಗ, ತಲೆಯ ಮೇಲೆ ‘27’ ಎಂದು ಅಚ್ಚಾದ ಮೊಳೆ ಹೊಡೆದರೆ ಅದು 1927ರದ್ದು ಎಂದರ್ಥ. ಕ್ರಿಯೋಸೋಟ್ ಎಣ್ಣೆ ಊಡಿಸಿದ ಮರ ಎಷ್ಟು ವರ್ಷ ಬಾಳುತ್ತದೆಂದು ತಿಳಿಯಲು ಮಾಡಿದ ಏರ್ಪಾಡು ಅದು. ಹತ್ತಾರು ವರ್ಷ ನಡೆದ ವಿಜ್ಞಾನ ಪ್ರಯೋಗವೆಂದರೂ ಸರಿಯೇ. ಇಂದು ಆ ಮೊಳೆಗಳನ್ನು ಹವ್ಯಾಸಿಗಳು ಸಂಗ್ರಹಿಸುತ್ತಾರೆ. ಆದರೆ ಮರದಲ್ಲಿದ್ದಾಗ ಮೊಳೆ ಮರದ ವಯಸ್ಸನ್ನು ಹೇಳುತ್ತಿತ್ತು. ಕಿತ್ತು ಡಬ್ಬಿಗೆ ಹಾಕಿದ ಮೇಲೆ ತನ್ನ ವಯಸ್ಸನ್ನು ಮಾತ್ರ ಹೇಳುತ್ತದೆ.

ನನ್ನ ಆಕ್ಷೇಪ ಇಲ್ಲಿಂದಲೇ ಹುಟ್ಟುತ್ತದೆ. ‘ಹಳೆಯ ವಸ್ತು ಸಂಗ್ರಹಿಸಿ ತನ್ನಿ’ ಎಂಬ ಚಟುವಟಿಕೆ ನಮ್ಮ ಪಾಠಯೋಜನೆಗಳಲ್ಲಿ ಸಲೀಸಾಗಿ ನುಸುಳುತ್ತದೆ. ರೈಲು ದಾರಿಯ ಪಕ್ಕದ ಹಳ್ಳಿಯ ಹುಡುಗನಿಗೆ ಆ ಮಾತು ಹಳಿಯ ಕಡೆಗೇ ಕೈ ತೋರಿಸಿದಂತೆ. ಹಳಿಯ ಮೇಲೆ ಹೋಗುವುದು 1989ರ ರೈಲ್ವೆ ಕಾಯ್ದೆಯಡಿ ಅಪರಾಧ. ರೈಲ್ವೆ ಸಾಮಗ್ರಿಯನ್ನು ಅಕ್ರಮವಾಗಿ ಇಟ್ಟುಕೊಳ್ಳುವುದಕ್ಕೆ 1966ರಷ್ಟು ಹಿಂದೆಯೇ ಪ್ರತ್ಯೇಕ ಕಾಯ್ದೆ ಬಂದಿದೆ. ಕಾನೂನಿಗಿಂತ ದೊಡ್ಡದು ಮಗುವಿನ ಜೀವ. ವಸ್ತುಪ್ರದರ್ಶನದ ಮೇಜು ತುಂಬಲಿ ಎಂಬ ಆಸೆಗೆ ಅಷ್ಟು ಬೆಲೆ ತೆರಬೇಕಿಲ್ಲ.

ಸಂಗ್ರಹ ಬೇಡವೆಂದಲ್ಲ, ಸಂಗ್ರಹಿಸಬೇಕಾದದ್ದು ಅಚ್ಚನ್ನು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ತುಮಕೂರು ಜಿಲ್ಲೆಯ ಸಂಪುಟ 1904ರಲ್ಲಿ ಬಂತು. ಅದಕ್ಕಾಗಿ ಊರೂರಿನ ಕಲ್ಲುಗಳನ್ನು ಹೊತ್ತೊಯ್ಯಲಿಲ್ಲ. ಬರಹವನ್ನು ಪ್ರತಿ ಮಾಡಿಕೊಂಡು ಒಯ್ದರು. ನಮ್ಮ ಮಕ್ಕಳೂ ಕಂಬಿಯ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಸಾಕು, ಅಕ್ಷರ ಮೂಡುತ್ತದೆ. ಅರಳಗುಪ್ಪೆಯಂಥ ಊರಿನಲ್ಲಿ ಕಲ್ಲೇಶ್ವರ ದೇವಾಲಯವೂ ಉಂಟು, ರೈಲು ನಿಲ್ದಾಣವೂ ಉಂಟು. ಶಕವರ್ಷಕ್ಕೆ 78 ಕೂಡಿಸಿ ಕ್ರಿಸ್ತಶಕ ಕಂಡುಹಿಡಿಯುವುದನ್ನೂ ಕಬ್ಬಿಣದ ಇಸವಿ ಓದುವುದನ್ನೂ ಒಂದೇ ಘಟಕದಲ್ಲಿ ಕಲಿಸಬಹುದು.

ಅಚ್ಚಿನ ಕೆಳಗೆ ಮಗು ಮೂರು ಸಾಲು ಬರೆಯಲಿ: ಏನು ಬರೆದಿದೆ, ಎಲ್ಲಿ ಕಂಡೆ, ಇದರಿಂದ ಏನು ಹೇಳಬಹುದು. ಮೂರನೆಯ ಸಾಲಿನಲ್ಲೇ ಇತಿಹಾಸದ ಕಲಿಕೆ ಇರುವುದು. ಗೋದಾಮಿನ ತೊಲೆಯಲ್ಲಿ 1926 ಎಂದಿದ್ದರೆ ಗೋದಾಮು 1926ರಲ್ಲಿ ಕಟ್ಟಿದ್ದೆಂದು ಹೇಳಲಾಗದು. ಅದಕ್ಕಿಂತ ಮೊದಲು ಆ ತೊಲೆ ಅಲ್ಲಿ ಏರಿರಲಾರದು ಎಂದಷ್ಟೇ ಹೇಳಬಹುದು. ರೈಲು ದಾರಿಯೇ ಇಲ್ಲದ ಚಿಕ್ಕನಾಯಕನಹಳ್ಳಿಯ ತೋಟದ ಗೇಟಿನಲ್ಲಿ ಕಂಬಿ ಕಂಡರೆ, ಅದು ಹೇಗೆ ಬಂತೆಂದು ತೋಟದವರನ್ನೇ ಕೇಳಬೇಕು. ಅಲ್ಲಿ ಮೌಖಿಕ ಆಧಾರದ ಪಾಠ ತಾನಾಗಿ ಶುರುವಾಗುತ್ತದೆ.

ವೀಕ್ಷಣೆಗೆ ಹೋಗುವ ನಾವು ಉಪನ್ಯಾಸಕರು ಉಪಕರಣಗಳ ಸಂಖ್ಯೆ ನೋಡಿ ಅಂಕ ಕೊಡುವುದನ್ನು ಬಿಡಬೇಕು. ‘ಇದರಿಂದ ಏನನ್ನು ಹೇಳಲಾಗದು?’ ಎಂದು ಪ್ರಶಿಕ್ಷಣಾರ್ಥಿ ತರಗತಿಯಲ್ಲಿ ಒಮ್ಮೆಯಾದರೂ ಕೇಳಿದರೆ, ಅಂಕ ಆ ಪ್ರಶ್ನೆಗೆ ಸಲ್ಲಲಿ.