ಕಡಲು ದೂರ, ಗಂಡಾಂತರ ಹತ್ತಿರ

ಬಂಗಾಳ ಕೊಲ್ಲಿಯಲ್ಲಿ ತುಫಾನು ಎದ್ದಿದೆಯೆಂಬ ಸುದ್ದಿ ಬಂದಾಗ ನಮ್ಮ ಕಡೆಯ ಜನ ಅದನ್ನು ಪರದೇಶದ ಸುದ್ದಿಯಂತೆ ಕೇಳಿ ಸುಮ್ಮನಾಗುತ್ತಾರೆ. ಯಾದಗಿರಿ, ಶಹಾಪುರ, ಸುರಪುರಗಳಿಗೆ ಕಡಲಿಲ್ಲ, ಬಂದರಿಲ್ಲ. ಮಳೆ ಕೈಕೊಟ್ಟರೆ ಗುಳೇ ಹೋಗುವ ನಾಡು ಇದು. ನೀರು ಸಾಲದೆ ಬರುವ ಕಷ್ಟ ನಮಗೆಲ್ಲರಿಗೂ ಗೊತ್ತು. ನೀರು ಹೆಚ್ಚಾಗಿ ಬರುವ ಕಷ್ಟವನ್ನು ಹೊಳೆದಂಡೆಯ ಊರುಗಳ ಪಾಲಿಗೆ ಬಿಟ್ಟುಬಿಟ್ಟಿದ್ದೇವೆ. ಅಧಿಕಾರದಲ್ಲಿರುವವರೂ ಹೀಗೆಯೇ ಎಣಿಸಿದಂತೆ ಕಾಣುತ್ತದೆ. ಈ ಎಣಿಕೆಗೆ ಬೆಲೆ ತೆರುವವರು ಯಾರೆಂಬುದನ್ನು 2020ರ ಅಕ್ಟೋಬರ್ ತಿಂಗಳು ತೋರಿಸಿಕೊಟ್ಟಿತು.

ಆ ತಿಂಗಳ 13ರ ಬೆಳಿಗ್ಗೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೊಂದು ಆಂಧ್ರದ ಕಾಕಿನಾಡದ ಬಳಿ ನೆಲಕ್ಕೆ ಬಂತು. ತುಫಾನೆಂಬ ಹೆಸರು ಪಡೆಯುವಷ್ಟೂ ಅದು ಬಲಿತಿರಲಿಲ್ಲ. ಆದರೆ ಹೊಟ್ಟೆ ತುಂಬ ಕಡಲ ನೀರನ್ನು ಹೊತ್ತು ತಂದಿತ್ತು. ತೆಲಂಗಾಣವನ್ನು ದಾಟುತ್ತ ಹೈದರಾಬಾದಿನ ಓಣಿಗಳನ್ನು ಮುಳುಗಿಸಿತು. ಪಶ್ಚಿಮಕ್ಕೆ ಸರಿದು ಕಲಬುರಗಿ, ವಿಜಯಪುರ, ಸೋಲಾಪುರ ಜಿಲ್ಲೆಗಳ ಮೇಲೆ ಸುರಿಯಿತು. ಉಜನಿ ಅಣೆಕಟ್ಟಿನಿಂದ ಬಿಟ್ಟ ನೀರು, ಸೊನ್ನ ಬ್ಯಾರೇಜು ದಾಟಿ ಬಂದ ನೀರು, ಕಾಗಿಣಾ ಹೊಳೆ ತಂದ ನೀರು, ಎಲ್ಲವೂ ಭೀಮೆಯ ಪಾತ್ರದಲ್ಲಿ ಕೂಡಿದವು. ಯಾದಗಿರಿ, ಶಹಾಪುರ, ವಡಗೇರಾ ತಾಲೂಕುಗಳ ದಂಡೆಯ ಹೊಲಗಳು ನೀರಿನಡಿ ಹೋದವು. ಬಿಡಿಸುವ ಹೊತ್ತಿಗೆ ಬಂದ ಹತ್ತಿ, ಹೂವಿಗೆ ಬಂದ ತೊಗರಿ, ತೆನೆ ಕಟ್ಟಿದ ಭತ್ತ ಕೊಳೆತವು. ಐದುನೂರು ಕಿಲೋಮೀಟರಿಗೂ ಆಚೆ ಕಡಲಿನಲ್ಲಿ ಹುಟ್ಟಿದ್ದು ನಮ್ಮ ರೈತನ ಅಂಗಳಕ್ಕೆ ಬಂದು ನಿಂತಿತು.

ಇಂಥದ್ದು ಅದೇ ಮೊದಲೂ ಅಲ್ಲ. 2009ರ ಸೆಪ್ಟೆಂಬರ್ ಕೊನೆಯಲ್ಲಿ, ಅಕ್ಟೋಬರ್ ಮೊದಲಲ್ಲಿ ಇದೇ ಕೊಲ್ಲಿಯ ಕಡೆಯಿಂದ ಬಂದ ಮಳೆ ಉತ್ತರ ಕರ್ನಾಟಕವನ್ನೆಲ್ಲ ತೊಯ್ಸಿ ಹಾಕಿತು. ಯಾದಗಿರಿ ಆಗಿನ್ನೂ ಗುಲಬರ್ಗಾ ಜಿಲ್ಲೆಯೊಳಗಿತ್ತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮಣ್ಣಿನ ಮನೆಗಳು ನೆನೆದು ರಾತ್ರೋರಾತ್ರಿ ಕುಸಿದವು. ಆಗ ಆದದ್ದನ್ನು ಪಾಠವೆಂದು ಬರೆದಿಟ್ಟುಕೊಂಡಿದ್ದರೆ 2020ರಲ್ಲಿ ಅದೇ ತರಗತಿಯಲ್ಲಿ ಮತ್ತೆ ಕೂರಬೇಕಾಗುತ್ತಿರಲಿಲ್ಲ.

ಇಲ್ಲಿ ಓದುಗರು ಒಂದು ಮಾತನ್ನು ಗಮನಿಸಬೇಕು. ಕಾಕಿನಾಡದ ಬಳಿ ಅದು ನೆಲ ಮುಟ್ಟಿದ್ದು 13ರಂದು. ಭೀಮೆ ನಮ್ಮ ಊರುಗಳಲ್ಲಿ ಉಕ್ಕಿದ್ದು ಅದಾದ ನಾಲ್ಕಾರು ದಿನಗಳ ಮೇಲೆ. ಭೂಕಂಪದಂತೆ ಹೇಳದೆ ಕೇಳದೆ ಬಂದ ಆಪತ್ತು ಇದಲ್ಲ. ಹವಾಮಾನ ಇಲಾಖೆಗೆ ಗೊತ್ತಿತ್ತು, ಅಣೆಕಟ್ಟಿನ ಎಂಜಿನಿಯರುಗಳಿಗೆ ಗೊತ್ತಿತ್ತು. ದಂಡೆಯ ಊರಿನ ಕೂಲಿಕಾರನ ಮನೆಗೆ ಆ ತಿಳಿವಳಿಕೆ ಎಷ್ಟು ಬೇಗ, ಯಾವ ಮಾತಿನಲ್ಲಿ, ಯಾರ ಮೂಲಕ ಮುಟ್ಟಿತು? ಮುಟ್ಟಿದ ಮೇಲೆ ಅವನು ಎಮ್ಮೆಯನ್ನೂ ಮುದಿ ತಾಯಿಯನ್ನೂ ಕರೆದುಕೊಂಡು ಹೋಗಲು ಎಲ್ಲಿ ಜಾಗವಿತ್ತು? ನಾವು ಕೇಳುವುದು ಈ ಎರಡೇ ಪ್ರಶ್ನೆಗಳನ್ನು.

ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ನಮ್ಮ ಕೃಷ್ಣೆಯ ಬೆನ್ನು ಹತ್ತಿ ಕಡಲವರೆಗೆ ಹೋಗಬೇಕು. ನಾರಾಯಣಪುರದ ಬಸವಸಾಗರದಿಂದ ಹೊರಟ ಹೊಳೆ ಸುರಪುರ, ಶಹಾಪುರದ ಸೀಮೆಯನ್ನು ತೊಳೆದು, ಭೀಮೆಯನ್ನು ಕೂಡಿಸಿಕೊಂಡು, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡ ದಾಟಿ ಕಡಲು ಸೇರುತ್ತದೆ. ಸೇರುವ ಮೊದಲು ಕವಲೊಡೆದು ನಡುವೆ ಬಿಟ್ಟ ತಗ್ಗು ಭೂಮಿಗೆ ದಿವಿಸೀಮೆ ಎಂದು ಹೆಸರು. 1977ರ ನವೆಂಬರ್ 19ರಂದು ಅಲ್ಲಿ ಕಡಲೇ ಎದ್ದು ಊರೊಳಗೆ ಬಂತು. ನೀರಿನ ಗೋಡೆ ಹದಿನೈದು ಅಡಿಗೂ ಮೀರಿತ್ತು. ಸತ್ತವರು ಹತ್ತು ಸಾವಿರದಷ್ಟು. ನಮ್ಮ ಹೊಲ ತೊಯ್ಸುವ ಹೊಳೆಯ ತುದಿಯಲ್ಲೇ, ನಮ್ಮಂತೆಯೇ ಭತ್ತ ಬೆಳೆಯುವ, ನಮ್ಮಂತೆಯೇ ಮಣ್ಣಿನ ಗೋಡೆಯ ಮನೆಗಳಲ್ಲಿ ಮಲಗುವ ಜನ ಒಂದೇ ದಿನದಲ್ಲಿ ಕೊಚ್ಚಿಹೋದರು.

ತುಫಾನಿನಲ್ಲಿ ಗಾಳಿ ಕೊಲ್ಲುತ್ತದೆಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಗಾಳಿಗಿಂತ ಹೆಚ್ಚು ಜನರನ್ನು ಕೊಂದದ್ದು ನೀರು. ತುಫಾನಿನ ನಡುವೆ ಗಾಳಿಯ ಒತ್ತಡ ಕುಸಿದಾಗ ಅಲ್ಲಿನ ಕಡಲ ಮಟ್ಟ ಕೊಂಚ ಏರುತ್ತದೆ. ಅದು ಸಣ್ಣ ಪಾಲು. ದೊಡ್ಡ ಪಾಲು ಗಾಳಿಯದು. ಸುತ್ತುವ ಗಾಳಿ ನೀರನ್ನು ದಡದ ಕಡೆಗೆ ನೂಕುತ್ತ ಬರುತ್ತದೆ. ಆಳವಾದ ಕಡಲಾದರೆ ನೂಕಿದ ನೀರು ಅಡಿಯಲ್ಲಿ ಹಿಂದಕ್ಕೆ ಹರಿದುಹೋಗುತ್ತದೆ. ಆಳವಿಲ್ಲದ ಕಡೆ ಹೋಗಲು ದಾರಿಯಿಲ್ಲದೆ ನೆಲದ ಮೇಲೆ ಏರುತ್ತದೆ. ಬಂಗಾಳ ಕೊಲ್ಲಿಯ ಉತ್ತರದ ಮೂಲೆ ಲಾಳಿಕೆಯಂತೆ ಕಿರಿದಾಗುತ್ತದೆ, ಆಳವೂ ಕಡಿಮೆ. ಅದೇ ಹೊತ್ತಿಗೆ ಕಡಲಿನ ಭರತವೂ ಕೂಡಿಕೊಂಡರೆ ಮುಗಿಯಿತು. 1970ರ ನವೆಂಬರಿನಲ್ಲಿ ಆಗಿನ ಪೂರ್ವ ಪಾಕಿಸ್ತಾನದಲ್ಲಿ ಹೀಗೆಯೇ ಕನಿಷ್ಠ ಮೂರು ಲಕ್ಷ ಜನ ಸತ್ತರು.

ಇಷ್ಟು ದೊಡ್ಡ ಶಕ್ತಿಯೆದುರು ಮನುಷ್ಯನೇನು ಮಾಡಿಯಾನು ಎಂದು ಕೈಚೆಲ್ಲುವವರಿದ್ದಾರೆ. ಇದು ದೈವದ ಆಟ ಎಂದು ಹೇಳುವುದು ಆಳುವವರಿಗೆ ಬಹಳ ಅನುಕೂಲದ ಮಾತು. ಅದಕ್ಕೆ ಉತ್ತರ ಒರಿಸ್ಸಾದಲ್ಲಿದೆ. 1999ರ ಅಕ್ಟೋಬರ್ 29ರ ಮಹಾ ತುಫಾನಿನಲ್ಲಿ ಅಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ಹದಿನಾಲ್ಕು ವರ್ಷಗಳ ಮೇಲೆ, 2013ರ ಅಕ್ಟೋಬರ್ 12ರಂದು, ಫೈಲಿನ್ ಎಂಬ ಭಾರಿ ತುಫಾನು ಅದೇ ರಾಜ್ಯದ ಗೋಪಾಲಪುರದ ಬಳಿ ಬಂದೆರಗಿತು. ಸತ್ತವರ ಸಂಖ್ಯೆ ಐವತ್ತರೊಳಗೆ. ಬರುವ ಮೊದಲೇ ಸುಮಾರು ಹತ್ತು ಲಕ್ಷ ಜನರನ್ನು ಎತ್ತರದ ಜಾಗಗಳಿಗೆ ಸಾಗಿಸಲಾಗಿತ್ತು. 2019ರ ಫನಿ ತುಫಾನಿನಲ್ಲಿ ಸಾಗಿಸಿದ್ದು ಸುಮಾರು ಹನ್ನೆರಡು ಲಕ್ಷ ಜನರನ್ನು.

ಕಡಲು ಕರುಣೆ ಕಲಿತಿರಲಿಲ್ಲ. ಒರಿಸ್ಸಾ ಬಡ ರಾಜ್ಯವೇ, ಅಲ್ಲಿ ಹೊನ್ನಿನ ಮಳೆಯೂ ಸುರಿದಿರಲಿಲ್ಲ. ಬದಲಾದದ್ದು ವ್ಯವಸ್ಥೆ. ದಡದ ಊರುಗಳಲ್ಲಿ ಕಂಬಗಳ ಮೇಲೆ ಗಟ್ಟಿಯಾದ ಆಸರೆ ಮನೆಗಳನ್ನು ಕಟ್ಟಿದರು. ಉಳಿದ ದಿನಗಳಲ್ಲಿ ಅವೇ ಶಾಲೆಗಳಾಗಿ ನಡೆಯುವಂತೆಯೂ ಮಾಡಿದರು. ಯಾವ ಮನೆಯವರು ಎಲ್ಲಿಗೆ ಹೋಗಬೇಕು, ಹೆರಿಗೆಗೆ ಹತ್ತಿರವಾದವರು ಯಾರು, ನಡೆಯಲಾರದವರು ಯಾರು ಎಂಬ ಪಟ್ಟಿ ಮೊದಲೇ ತಯಾರಾಗಿತ್ತು. ಊರಿನ ಹುಡುಗರಿಗೆ ತಾಲೀಮು ಕೊಟ್ಟರು. ಹೋದಲ್ಲಿ ಬಿಸಿ ಅನ್ನ ಸಿಗುವುದೆಂಬ ನಂಬಿಕೆ ಜನರಿಗೆ ಬಂತು. ಬಂಗ್ಲಾದೇಶದಲ್ಲಿ ಇದೇ ಕೆಲಸಕ್ಕೆ ಹತ್ತಾರು ಸಾವಿರ ಸ್ವಯಂಸೇವಕರು ಊರೂರಿನಲ್ಲಿ ನಿಂತಿದ್ದಾರೆ. ಕೂಗಿ ಹೇಳುವವನು ತಮ್ಮವನೇ ಆದಾಗ ಜನ ಮನೆ ಬಿಟ್ಟು ಹೊರಡುತ್ತಾರೆ. ಇದರಲ್ಲಿ ಗುಟ್ಟೇನೂ ಇಲ್ಲ.

ಹೀಗಿದ್ದಮೇಲೆ ಭೀಮೆ, ಕೃಷ್ಣೆಯ ದಂಡೆಗೆ ಈ ವ್ಯವಸ್ಥೆ ಏಕಿಲ್ಲ? ನಮ್ಮಲ್ಲಿ ಬರುವ ನೀರು ಕಡಲುಬ್ಬರದಂತೆ ಗಂಟೆಯೊಳಗೆ ಏರುವಂಥದ್ದಲ್ಲ, ದಿನಗಟ್ಟಲೆ ದಾರಿ ನಡೆದು ಬರುವಂಥದ್ದು. ಆದ್ದರಿಂದ ಇಲ್ಲಿ ಜೀವ ಉಳಿಸುವುದು ಅಲ್ಲಿಗಿಂತ ಸುಲಭವಾಗಬೇಕು. ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕಗಳನ್ನು ರಾಜ್ಯ ಸರ್ಕಾರ ಕೂರಿಸಿದೆ. ಅದನ್ನು ನಾವು ಮೆಚ್ಚುತ್ತೇವೆ. ಆದರೆ ಮಾಪಕದ ಅಂಕೆ ಬೆಂಗಳೂರಿಗೆ ಹೋಗಿ, ಅಲ್ಲಿಂದ ಜಿಲ್ಲಾ ಕಚೇರಿಗೆ ಬಂದು, ಅಲ್ಲಿ ಸುತ್ತೋಲೆಯಾಗಿ ತಾಲೂಕಿಗೆ ಇಳಿಯುವ ಹೊತ್ತಿಗೆ ಹೊಳೆ ಊರಿನ ಅಗಸೆಗೆ ಬಂದಿರುತ್ತದೆ. ಕೃಷ್ಣೆಯ ನಡುವಿನ ನೀಲಕಂಠರಾಯನಗಡ್ಡಿಯ ಜನರನ್ನು ಕೇಳಿರಿ. ಹೊಳೆ ತುಂಬಿದಾಗ ದಡದ ಸಂಪರ್ಕವೇ ಕಡಿದು ಹೋದ ದಿನಗಳನ್ನು ಅವರು ಎಷ್ಟೋ ಕಂಡಿದ್ದಾರೆ. ಶಹಾಪುರ ತಾಲೂಕಿನ ಕೊಳ್ಳೂರ ಸೇತುವೆ ಮುಳುಗಿ ದೇವದುರ್ಗದ ದಾರಿ ನಿಂತದ್ದನ್ನು ಕೇಳಿರಿ. ನೀರು ಎಷ್ಟು ಏರಿದರೆ ಯಾವ ಊರಿಗೆ ಎಷ್ಟು ಬರುವುದೆಂಬುದು ಅಲ್ಲಿನ ಮುದುಕರಿಗೆ ಬಾಯಿಪಾಠವಾಗಿದೆ. ಸರ್ಕಾರಿ ಕಡತದಲ್ಲಿ ಅದು ಏಕೆ ಇರಬಾರದು?

ಕಡಲಂಚಿನ ಆಪತ್ತು ನಮಗೆ ಹತ್ತಿರವಾಗುವ ಇನ್ನೊಂದು ದಾರಿಯೂ ಇದೆ. ಅದು ಗುಳೇ ದಾರಿ. ಉತ್ತರ ಕರ್ನಾಟಕದ ಕೂಲಿಕಾರರು ಮಂಗಳೂರು, ಉಡುಪಿ, ಗೋವಾ, ಮುಂಬಯಿಗಳಲ್ಲಿ ಕಟ್ಟಡ ಕಟ್ಟುತ್ತಾರೆ, ಕಲ್ಲು ಹೊರುತ್ತಾರೆ, ಬಂದರಿನಲ್ಲಿ ಮೀನಿನ ಬುಟ್ಟಿ ಎತ್ತುತ್ತಾರೆ. ಅವರ ವಸತಿ ತಗಡಿನ ಷೆಡ್ಡು. 2021ರ ಮೇ ತಿಂಗಳಲ್ಲಿ ತೌಕ್ತೆ ತುಫಾನು ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋದಾಗ ಉಳ್ಳಾಲದ ಕಡೆ ಅಲೆಗಳು ದಡದ ಮನೆಗಳನ್ನು ಕೊರೆದವು. ಅರಬ್ಬೀ ಸಮುದ್ರ ಮೊದಲು ಬಂಗಾಳ ಕೊಲ್ಲಿಗಿಂತ ಶಾಂತವಾಗಿತ್ತು. ಅದರ ನೀರು ಬಿಸಿಯಾಗುತ್ತಿರುವುದರಿಂದ ಈಚಿನ ದಶಕಗಳಲ್ಲಿ ಅಲ್ಲಿಯೂ ಬಲವಾದ ತುಫಾನುಗಳು ಹೆಚ್ಚಿವೆ ಎಂದು ವಿಜ್ಞಾನಿಗಳು ಹೇಳುತ್ತಿದ್ದಾರೆ. ಕಡಲಿನ ಮಕ್ಕಳಾದ ಮೊಗವೀರರು ಗಾಳಿಯ ವಾಸನೆಯಿಂದಲೇ ಕೆಡುಕನ್ನು ತಿಳಿದಾರು. ಮೊನ್ನೆ ಬಸ್ಸಿಳಿದ ನಮ್ಮ ತಾಂಡಾದ ಹುಡುಗನಿಗೆ ಕಡಲಿನ ಗುಣ ಏನು ಗೊತ್ತು? ಅವನ ಹೆಸರು ಅಲ್ಲಿನ ಮತದಾರರ ಪಟ್ಟಿಯಲ್ಲೂ ಇಲ್ಲ, ರೇಷನ್ ಪಟ್ಟಿಯಲ್ಲೂ ಇಲ್ಲ. ಆಪತ್ತಿನ ದಿನ ಯಾರ ಲೆಕ್ಕಕ್ಕೂ ಸೇರದವನು ಅವನೇ.

ನೀರು ಇಳಿದ ಮೇಲೆ ಎರಡನೆಯ ಪ್ರವಾಹ ಬರುತ್ತದೆ, ಕಾಗದಗಳದು. 2020ರಲ್ಲಿ ಮುಖ್ಯಮಂತ್ರಿಗಳು ಆಕಾಶದಿಂದ ನೋಡಿ ಹೋದರು. ಕೆಳಗೆ ಪಂಚನಾಮೆಗಾಗಿ ಜನ ಕಾಯುತ್ತ ಕುಳಿತರು. ಬೆಳೆ ಪರಿಹಾರ ಪಹಣಿಯಲ್ಲಿ ಹೆಸರಿದ್ದವನ ಖಾತೆಗೆ ಹೋಗುತ್ತದೆ. ಲಾವಣಿ ಹಾಕಿಕೊಂಡು ಬೀಜ, ಗೊಬ್ಬರ, ಬೆವರು ಸುರಿದವನಿಗೆ ಉಳಿಯುವುದು ಸಾಲ. ಹೊಲವೇ ಇಲ್ಲದೆ ಹತ್ತಿ ಬಿಡಿಸಿ ದಿನಗೂಲಿ ಗಳಿಸುವ ಹೆಣ್ಣುಮಗಳ ನಷ್ಟಕ್ಕೆ ಅರ್ಜಿ ನಮೂನೆಯಲ್ಲಿ ಕಾಲಂ ಕೂಡ ಇಲ್ಲ. 2009ರ ನಂತರ ಕಟ್ಟಿದ ಆಸರೆ ಮನೆಗಳಲ್ಲಿ ಎಷ್ಟೋ ಕಡೆ ಹೊಲ ದೂರ, ನೀರಿಲ್ಲ ಎಂದು ಜನ ನೆಲೆಸಲೇ ಇಲ್ಲ. ಅವರನ್ನು ಕೇಳಿ ಕಟ್ಟಿದ್ದರೆ ಹೀಗಾಗುತ್ತಿರಲಿಲ್ಲ.

ಕಾನೂನಿನ ಕೊರತೆ ಇಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಪ್ರಾಧಿಕಾರವಿರಬೇಕು. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು, ಜನರಿಂದ ಆರಿಸಿಬಂದ ಜಿಲ್ಲಾ ಪಂಚಾಯಿತಿ ಅಧ್ಯಕ್ಷರು ಸಹ ಅಧ್ಯಕ್ಷರು. ಜಿಲ್ಲೆಗೊಂದು ಯೋಜನೆಯನ್ನು ಬರೆದಿಡಬೇಕು. ಈ ಯೋಜನೆ ಕಪಾಟಿನಲ್ಲಿರುವುದು ಸಾಲದು. ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಬೇಕು. ಆದ್ದರಿಂದ ನಮ್ಮ ಬೇಡಿಕೆಗಳು ಇವು. ಉಜನಿ, ಸೊನ್ನ, ನಾರಾಯಣಪುರಗಳಿಂದ ನೀರು ಬಿಡುವ ಮುನ್ನ ದಂಡೆಯ ಪ್ರತಿ ಊರಿನಲ್ಲೂ ಡಂಗುರ ಸಾರಬೇಕು, ಧ್ವನಿವರ್ಧಕದಲ್ಲಿ ಹೇಳಬೇಕು. ಇದಕ್ಕಾಗಿ ಮಹಾರಾಷ್ಟ್ರದೊಡನೆ ಮಾತು ಮಳೆಗಾಲಕ್ಕೆ ಮೊದಲೇ ಮುಗಿದಿರಬೇಕು. ಎತ್ತರದ ನೆಲದಲ್ಲಿ, ದನಕರುಗಳಿಗೂ ಜಾಗವಿರುವಂತೆ, ಗಟ್ಟಿ ಶಾಲಾ ಕಟ್ಟಡಗಳನ್ನು ಕಟ್ಟಬೇಕು. ಲಾವಣಿದಾರನಿಗೂ ಕೂಲಿಕಾರನಿಗೂ ಪರಿಹಾರದಲ್ಲಿ ಪಾಲು ಸಿಗಬೇಕು. ಕರಾವಳಿಗೆ ಗುಳೇ ಹೋದವರ ಪಟ್ಟಿಯನ್ನು ಪಂಚಾಯಿತಿ ಇಟ್ಟು, ತುಫಾನಿನ ಮುನ್ಸೂಚನೆ ಅವರ ಗುತ್ತಿಗೆದಾರನ ಕಿವಿಯಲ್ಲೇ ನಿಲ್ಲದಂತೆ ನೋಡಿಕೊಳ್ಳಬೇಕು.

ನಮ್ಮ ಸಂಗಾತಿಗಳಿಗೂ ಓದುಗರಿಗೂ ಒಂದು ಮಾತು. ಬೇಡಿಕೆ ಸಲ್ಲಿಸಿ ಕೈಕಟ್ಟಿ ಕೂರುವುದು ನಮಗೆ ಒಪ್ಪುವ ಕೆಲಸವಲ್ಲ. ಹೊಳೆದಂಡೆಯ ಪ್ರತಿ ಊರಿನಲ್ಲಿ ಹತ್ತು ಜನ ಯುವಕ ಯುವತಿಯರು ಮುಂದೆ ಬಂದರೆ ಸಾಕು. 2009ರಲ್ಲಿ, 2020ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಹಿರಿಯರನ್ನು ಕೇಳಿ ಗೋಡೆಗಳ ಮೇಲೆ ಸುಣ್ಣದಿಂದ ಗುರುತು ಹಾಕಿರಿ. ನಡೆಯಲಾರದವರು, ಬಾಣಂತಿಯರು, ಒಂಟಿ ಮುದುಕರು ಯಾವ ಮನೆಯಲ್ಲಿದ್ದಾರೆಂದು ಬರೆದಿಡಿರಿ. ಆ ಪಟ್ಟಿಯನ್ನು ಮುಂದಿನ ಗ್ರಾಮಸಭೆಯಲ್ಲಿ ಮೇಜಿನ ಮೇಲಿಟ್ಟು, ನೀರು ಈ ಗುರುತಿಗೆ ಬಂದ ದಿನ ಇವರನ್ನು ಕರೆದೊಯ್ಯುವ ಗಾಡಿ ಯಾವುದು ಎಂದು ಹೆಸರು ಹಿಡಿದು ಕೇಳಿರಿ. ಉತ್ತರ ಬರುವವರೆಗೆ ಸಭೆಯಿಂದ ಏಳಬೇಡಿರಿ.