ಬಾಯಿ ತೆರೆಸುವ ಸೇವೆ

ಪ್ರತಿ ವರ್ಷ ಫೆಬ್ರವರಿ 3ರಂದು, ಸಂತ ಬ್ಲೇಸರ ಸ್ಮರಣೆಯ ದಿನ, ಗುರುಗಳು ಎರಡು ಮೇಣದ ಬತ್ತಿಗಳನ್ನು ಅಡ್ಡಲಾಗಿ ಹಿಡಿದು ನಮ್ಮ ಕೊರಳನ್ನು ಆಶೀರ್ವದಿಸುತ್ತಾರೆ. ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. ಜಗದ್ಗುರು ದ್ವಿತೀಯ ಜಾನ್ ಪೌಲರು 1992ರಲ್ಲಿ ಸ್ಥಾಪಿಸಿದ ವಿಶ್ವ ರೋಗಿಗಳ ದಿನವೂ ಅದೇ. ಈ ಎರಡೂ ದಿನಗಳಲ್ಲಿ ನಾವು ನೆನೆಯಬೇಕಾದ, ಆದರೆ ಸಾಮಾನ್ಯವಾಗಿ ಮರೆಯುವ ರೋಗಿಗಳಿದ್ದಾರೆ. ಅವರು ಬಾಯಿ ಅಥವಾ ಗಂಟಲಿನ ಕ್ಯಾನ್ಸರ್‌ನಿಂದ ಪಾರಾಗಿಯೂ ಬಾಯಿ ತೆರೆಯಲಾರದವರು.

ವಿಕಿರಣ ಚಿಕಿತ್ಸೆ ಗಡ್ಡೆಯನ್ನು ಕರಗಿಸುವಾಗ ದವಡೆಯನ್ನು ಚಲಿಸುವ ಸ್ನಾಯುಗಳಿಗೂ ತಾಗುತ್ತದೆ. ಅವು ಕ್ರಮೇಣ ನಾರಿನಂತೆ ಗಡುಸಾಗುತ್ತವೆ; ಶಸ್ತ್ರಕ್ರಿಯೆಯ ಗಾಯ ಮಾದ ಜಾಗವೂ ಬಿಗಿಯುತ್ತದೆ. ಚಿಕಿತ್ಸೆ ಮುಗಿದು ತಿಂಗಳುಗಳು ಕಳೆದ ಮೇಲೂ ಈ ಬಿಗಿತ ಹೆಚ್ಚಬಹುದು. ಬಾಯಿ ತೆರೆಯುವ ಅಳತೆ 35 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆಯಾದರೆ ವೈದ್ಯರು ಅದನ್ನು ದವಡೆ ಬಿಗಿತವೆಂದು ಎಣಿಸುತ್ತಾರೆ. ಮನೆಯಲ್ಲಿ ಅರಿಯಲು ಸುಲಭದ ಬಗೆಯೊಂದಿದೆ: ರೋಗಿಯ ಮೂರು ಬೆರಳುಗಳು ಒಂದರ ಮೇಲೊಂದಾಗಿ ಮುಂದಿನ ಹಲ್ಲುಗಳ ನಡುವೆ ಹಿಡಿಸಬೇಕು. ಹಿಡಿಸದಿದ್ದರೆ ಮುದ್ದೆಯ ತುತ್ತು, ಹಲ್ಲುಜ್ಜುವುದು, ಸ್ಪಷ್ಟವಾದ ಮಾತು, ಕಡೆಗೆ ಪರಮಪ್ರಸಾದ ಸ್ವೀಕರಿಸುವುದೂ ಕಷ್ಟವಾಗುತ್ತದೆ.

ಇದಕ್ಕೆ ಮುಖ್ಯ ಮದ್ದು ವ್ಯಾಯಾಮ. ಫಿಸಿಯೋಥೆರಪಿಸ್ಟ್ ಕಲಿಸಿದಂತೆ ಎಳೆತ ತಿಳಿಯುವಷ್ಟು ಬಾಯಿ ತೆರೆದು ಕೆಲವು ಕ್ಷಣ ಹಿಡಿಯುವುದು, ದವಡೆಯನ್ನು ಎಡಬಲಕ್ಕೆ ಸರಿಸುವುದು, ಚಪ್ಪಟೆಯಾದ ಮರದ ಕಡ್ಡಿಗಳನ್ನು ಜೋಡಿಸಿ ಹಲ್ಲುಗಳ ನಡುವಿಟ್ಟು ದಿನ ಕಳೆದಂತೆ ಒಂದೊಂದನ್ನೇ ಹೆಚ್ಚಿಸುವುದು: ಇಷ್ಟನ್ನು ದಿನಕ್ಕೆ ಹಲವು ಬಾರಿ, ತಿಂಗಳುಗಟ್ಟಲೆ ಮಾಡಬೇಕು. ಬೇಗ ಆರಂಭಿಸಿದಷ್ಟೂ ಒಳಿತು. ಆದರೆ ವೈದ್ಯರನ್ನು ಕೇಳದೆ ಆರಂಭಿಸಲಾಗದು. ಬಿಗಿತ ಹಠಾತ್ತನೆ ಹೆಚ್ಚಿದರೆ, ಹುಣ್ಣಾಗಲಿ ಮೂಳೆಯಾಗಲಿ ಕಂಡರೆ, ವ್ಯಾಯಾಮ ನಿಲ್ಲಿಸಿ ಕೂಡಲೇ ತೋರಿಸಬೇಕು.

ಕಡ್ಡಿಗಳಿಗೆ ಹೆಚ್ಚು ಹಣ ಬೇಕಿಲ್ಲ, ಬೇಕಾದುದು ಸಮಯ. ಪೀಣ್ಯದ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವರಿಗೂ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ ಕಾವಲು, ಸ್ವಚ್ಛತೆಯ ಕೆಲಸ ಮಾಡುವವರಿಗೂ ಕೊರತೆಯಿರುವುದು ಅದೇ. ಕಿದ್ವಾಯಿ ಆಸ್ಪತ್ರೆಗೋ ಸೇಂಟ್ ಜಾನ್ಸ್ ಆಸ್ಪತ್ರೆಗೋ ಹೋಗಿಬಂದರೆ ಒಂದು ದಿನದ ಕೂಲಿ ಹೋಗುತ್ತದೆ. ಗಡ್ಡೆ ಹೋಯಿತಲ್ಲ ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ, ವ್ಯಾಯಾಮ ನಿಂತುಹೋಗುತ್ತದೆ. ನಾವೋ ಹಣ್ಣು ಹಿಡಿದು ನೋಡಲು ಹೋಗಿ, ಪ್ರಾರ್ಥಿಸಿ ಹಿಂದಿರುಗುತ್ತೇವೆ. ಆ ಹಣ್ಣನ್ನು ಕಚ್ಚಲು ಅವರಿಂದಾಗದು.

ತಾನೇ ತಂದುಕೊಂಡ ರೋಗವೆಂಬ ಮಾತೂ ನಮ್ಮ ನಡುವೆ ಕೇಳಿಬರುತ್ತದೆ. ಅಡಕೆ, ತಂಬಾಕುಗಳ ಜಗಿತ ಬಾಯಿಯ ಕ್ಯಾನ್ಸರ್‌ಗೆ ದೊಡ್ಡ ಕಾರಣವೆಂಬುದು ನಿಜ. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದೂ 2013ರಲ್ಲಿ ಅದಕ್ಕಾಗಿಯೇ. ಮಕ್ಕಳಿಗೆ ಇದನ್ನು ಕಟ್ಟುನಿಟ್ಟಾಗಿ ಹೇಳೋಣ. ಆದರೆ ಮಾತು ತೊದಲುತ್ತಿದ್ದ ಕಿವುಡನನ್ನು ಪ್ರಭು ಯೇಸು ಜನಸಮೂಹದಿಂದ ಪ್ರತ್ಯೇಕವಾಗಿ ಕರೆದೊಯ್ದು ನಾಲಿಗೆ ಮುಟ್ಟಿದರೆಂದು ಸಂತ ಮಾರ್ಕರ ಶುಭಸಂದೇಶ ಹೇಳುತ್ತದೆ. ಅಲ್ಲಿ ದೂಷಣೆಯ ಮಾತೇ ಇಲ್ಲ.

ನಮ್ಮ ಧರ್ಮಕೇಂದ್ರಗಳಲ್ಲಿ ದಾದಿಯರಿಗೆ ಬರವಿಲ್ಲ. ಭಾನುವಾರದ ಪೂಜೆಯ ನಂತರ ಒಂದು ಕೊಠಡಿಯನ್ನು ತೆರೆದಿಟ್ಟು, ಫಿಸಿಯೋಥೆರಪಿ ಬಲ್ಲವರನ್ನು ತಿಂಗಳಿಗೊಮ್ಮೆ ಕರೆಸಿ, ವೈದ್ಯರು ಸೂಚಿಸಿದ ವ್ಯಾಯಾಮ ನಡೆಯುತ್ತಿದೆಯೇ ಎಂದು ಅಳೆದು ಬರೆದಿಡಬಹುದು. ಉಳಿದ ದಿನಗಳಲ್ಲಿ ನೆರೆಮನೆಯವರೊಬ್ಬರು ಹತ್ತು ನಿಮಿಷ ಜೊತೆಗೆ ಕುಳಿತರೂ ಸಾಕು. ಕೊರಳಿಗೆ ಪಡೆದ ಆಶೀರ್ವಾದವನ್ನು ನೆರೆಯವರಿಗೆ ಹಂಚುವ ದಾರಿ ಇದು. ಮುಂದಿನ ಫೆಬ್ರವರಿಗೆ ಕಾಯದೆ ಈ ಭಾನುವಾರವೇ ಗುರುಗಳೊಂದಿಗೆ ಮಾತಾಡೋಣ.